ದಿಮ್ಮಿ ಎಳೆದ ದಾರಿಯಲ್ಲಿ ಬಿದ್ದ ಕೊರಕಲು: ಎರಡು ಮಳೆಗಾಲಗಳ ದುರಸ್ತಿ

ಖಾನಾಪುರ ತಾಲ್ಲೂಕಿನಲ್ಲಿ, ಜಾಂಬೋಟಿಯ ಕಡೆಗೆ, ನಮ್ಮ ಮನೆತನಕ್ಕೆ ಸೇರಿದ ಐದು ಎಕರೆ ಮಾಲ್ಕಿ ಗುಡ್ಡವಿದೆ. ತಂದೆಯವರು ಅಲ್ಲಿ ಅಕೇಶಿಯಾ ಹಚ್ಚಿದ್ದರು. ಮರಗಳು ಕಟಾವಿಗೆ ಬಂದಾಗ ಮೇಲಿನ ಎರಡು ಎಕರೆಯನ್ನು ಒಬ್ಬ ಗುತ್ತಿಗೆದಾರರಿಗೆ ಕೊಟ್ಟೆವು. ಮಾರ್ಚಿನಲ್ಲಿ ಮರ ಬಿದ್ದವು. ಏಪ್ರಿಲ್ ಮುಗಿಯುವುದರೊಳಗೆ ದಿಮ್ಮಿಗಳೆಲ್ಲ ಲಾರಿ ಏರಿದ್ದವು. ಹಣದ ವ್ಯವಹಾರದಲ್ಲಿ ಅವರಿಂದ ನಮಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆಯಾದದ್ದು ದಿಮ್ಮಿಗಳನ್ನು ಕೆಳಗಿಳಿಸಿದ ರೀತಿಯಿಂದ. ಟ್ರ್ಯಾಕ್ಟರಿಗೆ ಸರಪಳಿ ಬಿಗಿದು, ಗುಡ್ಡದ ನೆತ್ತಿಯಿಂದ ಕೆಳಗಿನ ಗಾಡಿದಾರಿಯವರೆಗೆ, ಅತ್ಯಂತ ಹತ್ತಿರದ ಹಾದಿ ಎಂಬ ಒಂದೇ ಕಾರಣಕ್ಕೆ ಇಳಿಜಾರಿನ ನೇರಕ್ಕೆ ಎಳೆದಿದ್ದರು. ಒಪ್ಪಂದದ ಕಾಗದದಲ್ಲಿ ಮರಗಳ ಲೆಕ್ಕವಿತ್ತು, ದಿಮ್ಮಿ ಎಳೆಯುವ ದಾರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ತಪ್ಪು ನನ್ನದು.

ಹೀಗೆ ಉಂಟಾದ ದಾರಿಯ ಉದ್ದ 180 ಮೀಟರ್, ಅಗಲ ಸುಮಾರು 3 ಮೀಟರ್. ಮೇಲಿನ 60 ಮೀಟರಿನಲ್ಲಿ ಇಳಿಜಾರು ನೂರಕ್ಕೆ 18, ನಡುವಿನ 80 ಮೀಟರಿನಲ್ಲಿ ನೂರಕ್ಕೆ 12, ಕೆಳಗಿನ 40 ಮೀಟರಿನಲ್ಲಿ ನೂರಕ್ಕೆ 6. ಬೇಸಿಗೆಯಲ್ಲಿ ಅದರ ಮೇಲೆ ನಡೆದರೆ ಪಾದ ಮುಳುಗುವಷ್ಟು ಕೆಂಪು ಹುಡಿ ಇತ್ತು. ಮಣ್ಣು ಮೆತ್ತಗಿದೆ ಎಂದು ನಾನು ಭಾವಿಸಿದ್ದು ಆ ಹುಡಿಯನ್ನು ನೋಡಿ. ಮಿರಗದ ಮಳೆಯ ಮೊದಲ ಎರಡು ದಿನಗಳಲ್ಲಿ ಹುಡಿಯೆಲ್ಲ ಕೊಚ್ಚಿಹೋಗಿ, ಕೆಳಗೆ ಸಿಮೆಂಟಿನಂತೆ ಗಟ್ಟಿಯಾದ ಪದರ ಹೊರಬಿತ್ತು. ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ನಡುಭಾಗದಲ್ಲಿ 65 ಮೀಟರ್ ಉದ್ದಕ್ಕೆ ಕೊರಕಲು ಬಿದ್ದಿತ್ತು. ಅದರ ಅತಿ ಆಳವಾದ ಜಾಗದಲ್ಲಿ ನಿಂತರೆ ನನಗೆ ತೊಡೆಯವರೆಗೆ ಬರುತ್ತಿತ್ತು.

ಆಗಸ್ಟಿನಲ್ಲಿ, ಮಳೆ ನಡೆಯುತ್ತಿರುವಾಗಲೇ, ನಾನು ಮಾಡಿದ ಮೊದಲ ದುರಸ್ತಿ ಸಂಪೂರ್ಣವಾಗಿ ಕೆಟ್ಟಿತು. ಕಣ್ಣಿಗೆ ಕಾಣುತ್ತಿದ್ದುದು ಕೊರಕಲಾದ್ದರಿಂದ ಕೊರಕಲಿನಲ್ಲೇ ಕಲ್ಲು ಪೇರಿಸಿದೆ. ಹತ್ತು ಮೀಟರಿಗೊಂದರಂತೆ ಆರು ತಡೆಗಳನ್ನು, ಒಂದೊಂದನ್ನೂ ಮೊಣಕಾಲೆತ್ತರಕ್ಕೆ, ಮೇಲ್ಭಾಗವನ್ನು ಅಂದವಾಗಿ ಸಮತಟ್ಟು ಮಾಡಿ ಕಟ್ಟಿಸಿದೆ. ಒಂದು ವಾರದಲ್ಲಿ ಮೂರು ತಡೆಗಳ ಪಕ್ಕದ ದಂಡೆಯನ್ನೇ ನೀರು ಕಡಿದು ಸುತ್ತಿಕೊಂಡು ಹೋಗಿತ್ತು. ಕಲ್ಲುಗಳು ಇದ್ದ ಜಾಗದಲ್ಲೇ ಇದ್ದವು, ಕೊರಕಲು ಮಾತ್ರ ಒಂದು ಮೊಳ ಅಗಲವಾಗಿತ್ತು. ಉಳಿದ ಮೂರರ ಬುಡದಲ್ಲಿ ನೀರು ಧುಮುಕಿದ ಕಡೆ ಗುಂಡಿ ಬಿದ್ದಿತ್ತು. ಪಕ್ಕದ ಗದ್ದೆಯ ಕಾಕಾ, ನಾಲ್ವತ್ತು ವರ್ಷ ಭತ್ತದ ಬದು ಕಟ್ಟಿದವರು, ಕೊಡೆ ಹಿಡಿದುಕೊಂಡು ನಿಂತು ನೋಡಿ, "ತಮ್ಮಾ, ನೀ ನೀರಿಗೆ ಬಾಗಲಾ ಮುಚ್ಚಿದಿ, ಅದು ಗ್ವಾಡಿ ಒಡದ ಹ್ವಾದತಿ. ಮೊದಲ ಮ್ಯಾಲ ಹೋಗಿ ನೋಡು, ಇಷ್ಟ ನೀರು ಎಲ್ಲಿಂದ ಬರಾಕತ್ತತಿ" ಎಂದರು. ಅಂದು ಕೆಲಸ ನಿಲ್ಲಿಸಿದೆ.

ಮುಂದಿನ ಮಳೆಯಲ್ಲಿ ಕಂಬಳಿ ಹೊದ್ದು ಗುಡ್ಡದ ನೆತ್ತಿಯಿಂದ ಕೆಳಗೆ ನೀರಿನ ಜೊತೆಗೇ ನಡೆದೆ. ಕಡಿದ ಎರಡು ಎಕರೆಯ ಪೈಕಿ ಸುಮಾರು ಒಂದೂವರೆ ಎಕರೆಯ ನೀರು ಈ ದಾರಿಗೇ ಬಂದು ಸೇರುತ್ತಿತ್ತು. ಎಳೆದ ದಿಮ್ಮಿಗಳು ನೆಲವನ್ನು ಸವೆಸಿ ದಾರಿಯನ್ನು ಅಕ್ಕಪಕ್ಕಕ್ಕಿಂತ ಒಂದು ಗೇಣು ತಗ್ಗಿಸಿದ್ದರಿಂದ, ಒಮ್ಮೆ ಅದರೊಳಗೆ ಇಳಿದ ನೀರಿಗೆ 180 ಮೀಟರಿನಲ್ಲಿ ಎಲ್ಲಿಯೂ ಹೊರಗೆ ಹೋಗಲು ಅವಕಾಶವಿರಲಿಲ್ಲ. ಒಂದೂವರೆ ಎಕರೆಯೆಂದರೆ ಸುಮಾರು 6,000 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ರಭಸದ ಮಳೆಯಲ್ಲಿ ಐದರಲ್ಲಿ ಎರಡು ಪಾಲು ಮಾತ್ರ ಹರಿಯಿತೆಂದು ಹಿಡಿದರೂ ದಾರಿಯ ಕೆಳತುದಿಗೆ ಸೆಕೆಂಡಿಗೆ 33 ಲೀಟರ್, ಅಂದರೆ ಎರಡು ತುಂಬಿದ ಕೊಡಗಳಿಗಿಂತ ಹೆಚ್ಚು ನೀರು ಬರುತ್ತದೆ. ಇದನ್ನು ಮೊಣಕಾಲೆತ್ತರದ ಕಲ್ಲಿನಿಂದ ನಿಲ್ಲಿಸಲು ಹೊರಟಿದ್ದೆ.

ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಅಳತೆಗಳನ್ನು ತೆಗೆದುಕೊಂಡೆ. ಐದೈದು ಮೀಟರಿಗೆ ಅಡ್ಡಲಾಗಿ ದಾರ ಕಟ್ಟಿ ಕೊರಕಲಿನ ಆಳ ಅಗಲ ಬರೆದುಕೊಂಡಾಗ ಸರಾಸರಿ ಅಗಲ 60 ಸೆಂಟಿಮೀಟರ್, ಆಳ 45 ಸೆಂಟಿಮೀಟರ್ ಬಂತು. 65 ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ ಹೋದ ಮಣ್ಣು ಸುಮಾರು 17.5 ಘನ ಮೀಟರ್. ನಮ್ಮ ಕಡೆ ಮರಳು ಅಳೆಯುವ ಬ್ರಾಸಿನ ಲೆಕ್ಕದಲ್ಲಿ ಹೇಳುವುದಾದರೆ ಆರು ಬ್ರಾಸಿಗೂ ಮಿಕ್ಕಿತು. ನಮ್ಮ ಗುಡ್ಡದ ಹಳ್ಳ ಮಲಪ್ರಭೆಗೆ ಸೇರುವುದರಿಂದ ಅದರಲ್ಲಿ ನುಣ್ಣನೆಯ ಪಾಲು ಒಂದಲ್ಲ ಒಂದು ದಿನ ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯದ ತಳ ಸೇರಬೇಕು.

ಅಕ್ಟೋಬರಿನಲ್ಲೇ ಮಾಡಿದ ಇನ್ನೊಂದು ಪರೀಕ್ಷೆಯನ್ನು ಯಾರಾದರೂ ಅರ್ಧ ದಿನದಲ್ಲಿ ಮಾಡಬಹುದು. 15 ಸೆಂಟಿಮೀಟರ್ ವ್ಯಾಸದ ಪಿವಿಸಿ ಕೊಳವೆಯ ಒಂದು ತುಂಡನ್ನು ನೆಲಕ್ಕೆ ಎರಡು ಬೆರಳು ಇಳಿಯುವಂತೆ ಬಡಿದು, ಅದರಲ್ಲಿ ಒಂದು ಲೀಟರ್ ನೀರು ಸುರಿದು, ಇಂಗುವ ಹೊತ್ತನ್ನು ಗಡಿಯಾರ ಹಿಡಿದು ನೋಡಿದೆ. ಕಡಿಯದೆ ಉಳಿದ ಅಕೇಶಿಯಾದ ಬುಡದಲ್ಲಿ, ತರಗೆಲೆ ಸರಿಸಿ ಇಟ್ಟ ಕೊಳವೆಯ ನೀರು ಮೂರು ನಿಮಿಷದೊಳಗೆ ಮಾಯವಾಯಿತು. ದಾರಿಯ ನಡುವೆ ಇಟ್ಟ ಕೊಳವೆಯಲ್ಲಿ ಒಂದೂಕಾಲು ಗಂಟೆಯಾದರೂ ಅರ್ಧ ಲೀಟರ್ ಉಳಿದಿತ್ತು; ಅಂದರೆ ಅಲ್ಲಿ ಗಂಟೆಗೆ 22–23 ಮಿಲಿಮೀಟರಿನಷ್ಟು ಮಾತ್ರ ಇಂಗುತ್ತಿತ್ತು. 12 ಮಿಲಿಮೀಟರಿನ ಕಬ್ಬಿಣದ ಸಲಾಕೆಯನ್ನು ಮೈಭಾರ ಹಾಕಿ ಒತ್ತಿದರೆ ತೋಪಿನೊಳಗೆ ಒಂದು ಅಡಿ ಇಳಿಯಿತು, ದಾರಿಯಲ್ಲಿ ಎರಡು ಅಂಗುಲಕ್ಕೆ ನಿಂತಿತು. ಭಾರದ ವಾಹನದ ಮೊದಲ ಕೆಲವು ಓಡಾಟಗಳಲ್ಲೇ ಮಣ್ಣಿನ ಅಡಕುವಿಕೆಯ ಬಹುಪಾಲು ಮುಗಿದುಹೋಗುತ್ತದೆ. ಆದ್ದರಿಂದಲೇ ಟ್ರ್ಯಾಕ್ಟರನ್ನು ಗುಡ್ಡದ ತುಂಬ ಅಡ್ಡಾಡಿಸುವುದಕ್ಕಿಂತ, ಒಂದೇ ದಾರಿಯನ್ನು ಮೊದಲೇ ಗುರುತಿಸಿ ಅದರಲ್ಲೇ ಓಡಿಸುವುದು ಲೇಸು. ಆ ದಾರಿ ನೇರ ಇಳಿಜಾರಿನದಾಗಿರಬಾರದು ಅಷ್ಟೆ.

ಜನವರಿಯ ಕೊನೆಗೆ ಮಣ್ಣು ಚೆನ್ನಾಗಿ ಒಣಗಿದ ಮೇಲೆ ಬಾಡಿಗೆಯ ಸಬ್‌ಸಾಯ್ಲರ್ (ಟ್ರ್ಯಾಕ್ಟರಿಗೆ ಕಟ್ಟಿ ಗಟ್ಟಿ ನೆಲವನ್ನು ಆಳಕ್ಕೆ ಸೀಳುವ ಕಬ್ಬಿಣದ ಹಲ್ಲು) ತರಿಸಿ ಮೇಲಿನ 140 ಮೀಟರನ್ನು ಸೀಳಿಸಿದೆ. ಹಸಿ ಇರುವಾಗ ಸೀಳಿದರೆ ಹಲ್ಲು ಮಣ್ಣನ್ನು ಒಡೆಯದೆ ಬೆಣ್ಣೆಯಂತೆ ಸವರಿಕೊಂಡು ಹೋಗುತ್ತದೆ. ಒಣಗಿದಾಗ ಗೋಡೆ ಬಿರಿದಂತೆ ಹೆಂಟೆಗಳು ಎದ್ದವು. ಇಳಿಜಾರಿನ ನೇರಕ್ಕೆ ಸೀಳಿದರೆ ಪ್ರತಿಯೊಂದು ಸೀಳೂ ಹೊಸ ಕಾಲುವೆಯಾಗುವುದರಿಂದ, ಮೂರು ಮೀಟರಿಗೊಮ್ಮೆ ಹಲ್ಲನ್ನು ಎತ್ತಿ ಇಳಿಸಲು ಚಾಲಕರಿಗೆ ಹೇಳಿದೆ. ಅವರಿಗೆ ಬೇಸರವಾಯಿತು; ಮಧ್ಯಾಹ್ನದ ಊಟ ಹಾಕಿಸಿ ಒಪ್ಪಿಸಬೇಕಾಯಿತು.

ಫೆಬ್ರವರಿಯಲ್ಲಿ ಮುಖ್ಯ ಕೆಲಸ ಆರಂಭವಾಯಿತು. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಒಂದು ಅಡಿ ಆಳದ ಕಾಲುವೆ ತೋಡಿ, ಅದರ ಮಣ್ಣನ್ನೇ ಕೆಳಬದಿಗೆ ಹಾಕಿ ಬಡಿದು ಬದು ಮಾಡುವುದು. ದಾರಿಯ ನೀರನ್ನು ಹಿಡಿದು ಪಕ್ಕದ ತೋಪಿಗೆ ಬಿಡುವುದು ಅದರ ಕೆಲಸ. ನಾವು ಇದಕ್ಕೆ ಓರೆ ಬದು ಎಂದು ಹೆಸರಿಟ್ಟುಕೊಂಡೆವು. ಅಂತರದ ವಿಷಯದಲ್ಲಿ ಅರಣ್ಯ ರಸ್ತೆಗಳ ಕೈಪಿಡಿಗಳು ನೂರಕ್ಕೆ 10ರ ಇಳಿಜಾರಿಗೆ 80 ಅಡಿ, 15ಕ್ಕೆ 60 ಅಡಿ, 20ಕ್ಕೆ 45 ಅಡಿ ಎಂದು ಹೇಳುತ್ತವೆ. ಘಟ್ಟದ ಸೆರಗಿನ ಮಳೆಯನ್ನು ನೆನೆದು ನಾನು ಇನ್ನೂ ಸ್ವಲ್ಪ ಹತ್ತಿರ ಮಾಡಿಕೊಂಡೆ: ಮೇಲಿನ ಭಾಗದಲ್ಲಿ ನಾಲ್ಕು, ನಡುವೆ ನಾಲ್ಕು, ಕೆಳಗೆ ಒಂದು. ಒಂದೇ ಕಡೆ ಕೂಡುತ್ತಿದ್ದ ನೀರು ಹೀಗೆ ಒಂಬತ್ತು ಪಾಲಾದರೆ ಒಂದೊಂದು ಬಾಯಿಯಿಂದ ಸೆಕೆಂಡಿಗೆ ನಾಲ್ಕು ಲೀಟರಿನ ಒಳಗೆ ಹೊರಬೀಳುತ್ತದೆ, ಅಷ್ಟನ್ನು ತರಗೆಲೆ ಹಾಸಿದ ನೆಲ ಕುಡಿಯಬಲ್ಲದು ಎಂಬುದು ಲೆಕ್ಕ.

ಓರೆಯ ಕೋನದಲ್ಲಿ ನಾನು ಎಡವಿದೆ. ದಾರಿಯ ಅಡ್ಡಗೆರೆಯಿಂದ 30 ಡಿಗ್ರಿ ಎಂಬುದು ಸಾಮಾನ್ಯ ಸೂತ್ರ. 3 ಮೀಟರ್ ಅಗಲದ ದಾರಿಯಲ್ಲಿ ಇದನ್ನು ಗುರುತಿಸಲು ಕೋನಮಾಪಕ ಬೇಡ. ಒಂದು ಅಂಚಿನ ಗೂಟಕ್ಕಿಂತ ಇನ್ನೊಂದು ಅಂಚಿನ ಗೂಟ 1.7 ಮೀಟರ್ ಕೆಳಗಿದ್ದರೆ ಸಾಕು. ಒಂಬತ್ತನ್ನೂ ಹಾಗೆಯೇ ಗುರುತು ಮಾಡಿ, ಮೇಲಿನ ನಾಲ್ಕನ್ನು ತೋಡಿಸಿಯೂ ಆಯಿತು. ಆಮೇಲೆ ಮಟ್ಟ ನೋಡುವ ಬಿದಿರಿನ ಎ-ಚೌಕಟ್ಟನ್ನು ಕಾಲುವೆಯ ತಳದಲ್ಲಿ ಇಟ್ಟು ನೋಡಿದಾಗ ತಳದ ಇಳಿಜಾರು ನೂರಕ್ಕೆ 9 ಇತ್ತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ: ನೂರಕ್ಕೆ 18ರ ದಾರಿಗೆ 30 ಡಿಗ್ರಿ ಓರೆಯಾಗಿ ಹೋದರೆ ಅದರ ಅರ್ಧದಷ್ಟು ಇಳಿಜಾರು ಕಾಲುವೆಗೆ ಬಂದೇ ಬರುತ್ತದೆ. ಸಡಿಲ ಜಂಬಿಟ್ಟಿಗೆ ಮಣ್ಣಿನಲ್ಲಿ ಆ ವೇಗದ ನೀರು ಕಾಲುವೆಯನ್ನೇ ಹೊಸ ಕೊರಕಲನ್ನಾಗಿ ಮಾಡುತ್ತದೆ. ಹೀಗಾಗಿ ಮೇಲಿನ ನಾಲ್ಕನ್ನು ಮುಚ್ಚಿಸಿ, ಎರಡು ಗೂಟಗಳ ನಡುವಿನ ವ್ಯತ್ಯಾಸವನ್ನು 65 ಸೆಂಟಿಮೀಟರಿಗೆ ಇಳಿಸಿ, ಮತ್ತೆ ತೋಡಿಸಿದೆ. ಈಗ ತಳದ ಇಳಿಜಾರು ನೂರಕ್ಕೆ 4ರ ಒಳಗೆ ಬಂತು. ನಡುವಿನ ನಾಲ್ಕರ ಗುರುತನ್ನು ಹಾಗೆಯೇ ಬಿಟ್ಟು, ತೋಡಿದ ಮೇಲೆ ತಳಕ್ಕೆ ಕಲ್ಲು ಹಾಸಿಸಿದೆ. ಮೂರು ಆಳಿನ ಒಂದು ದಿನದ ಕೆಲಸ ವ್ಯರ್ಥವಾಯಿತು.

ಎ-ಚೌಕಟ್ಟನ್ನು ಸರಿಪಡಿಸಿಕೊಳ್ಳುವ ಕ್ರಮ ಹೀಗೆ. ಕಾಲುಗಳ ನಡುವೆ 2 ಮೀಟರ್ ಇರುವಂತೆ ಬಿದಿರು ಕಟ್ಟಿ, ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗೆರೆ ಹಾಕಬೇಕು. ಕಾಲುಗಳನ್ನು ಅದಲುಬದಲು ಮಾಡಿ ಅದೇ ಎರಡು ಬಿಂದುಗಳ ಮೇಲೆ ನಿಲ್ಲಿಸಿ ಇನ್ನೊಂದು ಗೆರೆ ಹಾಕಬೇಕು. ಎರಡರ ನಟ್ಟನಡುವೆ ದಾರ ನಿಂತಾಗ ಕಾಲುಗಳು ಸಮಮಟ್ಟದಲ್ಲಿವೆ ಎಂದರ್ಥ. ನೂರಕ್ಕೆ 3ರ ಇಳಿಜಾರು ಬೇಕಾದರೆ ಕೆಳಬದಿಯ ಕಾಲಿಗೆ 6 ಸೆಂಟಿಮೀಟರ್ ದಪ್ಪದ ಮರದ ತುಂಡು ಕಟ್ಟಿದರೆ ಆಯಿತು. ಗಾಳಿ ಇರುವ ದಿನ ಈ ಕೆಲಸ ಇಟ್ಟುಕೊಳ್ಳಬಾರದು. ದಾರ ನಿಲ್ಲುವುದೇ ಇಲ್ಲ.

ಬದುವಿನ ಮೇಲ್ತುದಿಯನ್ನು ದಾರಿಯ ಅಂಚಿನ ಗಟ್ಟಿ ನೆಲದೊಳಗೆ ಒಂದು ಮೊಳ ಹೂಳಿದೆವು, ಇಲ್ಲದಿದ್ದರೆ ನೀರು ಅಲ್ಲೇ ನುಸುಳುತ್ತದೆ. ಕೆಳತುದಿಯನ್ನು ಪೂರ್ತಿ ತೆರೆದಿಟ್ಟು, ನೀರು ಬೀಳುವ ಜಾಗಕ್ಕೆ ಕಲ್ಲು ಮತ್ತು ಟೊಂಗೆ ಹಾಸಿದೆವು. ಹಳ್ಳಕ್ಕೆ ನೇರವಾಗಿ ಯಾವ ಬಾಯಿಯನ್ನೂ ತಿರುಗಿಸಲಿಲ್ಲ. ಪ್ರತಿಯೊಂದರ ನೀರೂ ಕನಿಷ್ಠ 15 ಮೀಟರ್ ತರಗೆಲೆಯ ಮೇಲೆ ಹಾದು ಹೋಗುವಂತೆ ನೋಡಿಕೊಂಡೆ. ಕೆಳಗಿನ 40 ಮೀಟರಿನಲ್ಲಿ ಗೊಬ್ಬರದ ಟ್ರ್ಯಾಕ್ಟರ್ ಇನ್ನೂ ಓಡಾಡಬೇಕಾದ್ದರಿಂದ ಅಲ್ಲಿ ಚೂಪಾದ ಬದು ನಡೆಯುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1934ರಲ್ಲಿ ಆರಂಭವಾದ ಕೊವೀಟಾ ಅರಣ್ಯ ಜಲಸಂಶೋಧನಾ ಕೇಂದ್ರದವರು ಇಂತಹ ರಸ್ತೆಗಳಿಗೆಂದು ರೂಪಿಸಿದ ಅಗಲವಾದ ತಗ್ಗಿನ ವಿಧಾನವನ್ನು ಅನುಸರಿಸಿ, ಆರೇಳು ಮೀಟರ್ ಉದ್ದಕ್ಕೆ ದಾರಿಯನ್ನೇ ಮೆಲ್ಲಗೆ ತಗ್ಗಿಸಿ, ಮತ್ತೆ ಏರಿಸಿ, ತಗ್ಗನ್ನು ಹೊರಬದಿಗೆ ವಾಲಿಸಿದೆವು. ಚಕ್ರಕ್ಕೆ ಅದು ಗೊತ್ತೇ ಆಗುವುದಿಲ್ಲ.

ಈ ನಡುವೆ ವಿಜಯಪುರದ ಬೀಗರು ಬಂದಿದ್ದರು. ಕೆಲಸ ನೋಡಿ, "ನೀರನ್ನ ಯಾಕ ಹೊರಗ ಬಿಡ್ತೀರಿ, ಒಡ್ಡು ಹಾಕಿ ಅಲ್ಲೇ ನಿಂದರಸ್ರಿ" ಎಂದರು. ಅವರ ಮಾತು ಅವರ ಎರೆಭೂಮಿಗೆ ಸರಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲದಲ್ಲಿ ಪ್ರತಿ ಹನಿಯನ್ನೂ ಹಿಡಿದಿಡಬೇಕು; ಅಲ್ಲಿ 1930ರ ದಶಕದಿಂದಲೇ ನಡೆದ ಒಣಬೇಸಾಯದ ಸಂಶೋಧನೆಯ ಸಾರವೂ ಬಹುಮಟ್ಟಿಗೆ ಅದೇ. ಅದರ ಹಲವು ಪಟ್ಟು ಮಳೆ ಸುರಿಯುವ ಖಾನಾಪುರದ ಪಶ್ಚಿಮದ ಗುಡ್ಡಗಳಲ್ಲಿ ನೀರನ್ನು ಪೂರ್ತಿ ನಿಲ್ಲಿಸಲು ಹೋದರೆ ಒಡ್ಡು ಒಡೆಯುತ್ತದೆ, ಒಡೆದ ಒಂದೇ ಕಡೆಯಿಂದ ಎಲ್ಲ ನೀರೂ ನುಗ್ಗುತ್ತದೆ. ಉದ್ದಕ್ಕೂ ಒಂದೇ ಕಂದಕ ತೆಗೆಸುವ ಯೋಚನೆಯನ್ನು ನಾನು ಕೈಬಿಟ್ಟದ್ದೂ ಇದಕ್ಕಾಗಿಯೇ. ಎರಡೆರಡು ಮೀಟರಿನ ಬಿಡಿ ಗುಂಡಿಗಳನ್ನು ಒಂದರ ಕೆಳಗೊಂದು ಬಾರದಂತೆ ಅಡ್ಡಾದಿಡ್ಡಿಯಾಗಿ ಹತ್ತು ಮಾತ್ರ ತೋಡಿಸಿದೆ.

ಮಾರ್ಚಿನಲ್ಲಿ ಕೊರಕಲಿಗೆ ಮರಳಿದೆವು. ಮೇಲಿನ ತಡೆಯ ಬುಡವೂ ಕೆಳಗಿನ ತಡೆಯ ನೀರು ದಾಟುವ ಮಟ್ಟವೂ ಒಂದೇ ಎತ್ತರದಲ್ಲಿರಬೇಕು. 50 ಸೆಂಟಿಮೀಟರ್ ಎತ್ತರದ ತಡೆಗೆ ನೂರಕ್ಕೆ 12ರ ಇಳಿಜಾರಿನಲ್ಲಿ ಅಂತರ 4.2 ಮೀಟರ್, ನಾನು ಮೊದಲು ಬಿಟ್ಟಿದ್ದು ಅದರ ಎರಡು ಪಟ್ಟಿಗೂ ಹೆಚ್ಚು. 65 ಮೀಟರಿಗೆ ಹದಿನೈದು ತಡೆಗಳು ಬಂದವು. ದಂಡೆಯೊಳಗೆ ಎರಡೂ ಕಡೆ ಒಂದೂವರೆ ಅಡಿ ಕೊರೆದು ಕಲ್ಲು ಸೇರಿಸಿ, ನಡುವನ್ನು ಅಂಚಿಗಿಂತ 15 ಸೆಂಟಿಮೀಟರ್ ತಗ್ಗಿಸಿ, ನೀರು ಧುಮುಕುವ ಕಡೆ ಚಪ್ಪಟೆ ಕಲ್ಲುಗಳನ್ನು ಹಾಸಿದೆವು. ಜಂಬಿಟ್ಟಿಗೆಯ ತುಂಡುಗಳು ಹಗುರ, ಉದುರುತ್ತವೆ. ಹಳೆಯ ಬೇಲಿಗೋಡೆಯ ಕರಿಕಲ್ಲು ಬಳಸಿದೆವು. ಹಳ್ಳದ ಕಲ್ಲನ್ನು ಮುಟ್ಟಲಿಲ್ಲ, ಅದನ್ನು ತೆಗೆದರೆ ಹಳ್ಳದ ದಂಡೆ ಕುಸಿಯುತ್ತದೆ.

ಕಡಿದ ಜಾಗದಲ್ಲಿ ಬಿದ್ದಿದ್ದ ಟೊಂಗೆಗಳನ್ನು ಸುಡುವುದೇ ಇಲ್ಲಿಯ ರೂಢಿ. ಸುಡದೆ, ಹತ್ತು ಮೀಟರಿಗೊಂದರಂತೆ ಸಮಮಟ್ಟದ ಸಾಲುಗಳಲ್ಲಿ ಹಾಕಿಸಿದೆ. ಟೊಂಗೆ ನೆಲಕ್ಕೆ ತಾಗಿರಬೇಕು, ಅದೇ ಇದರ ಗುಟ್ಟು. ಗಾಳಿಯಲ್ಲಿ ನಿಂತ ಟೊಂಗೆಯ ಕೆಳಗೆ ನೀರು ಏನೂ ಆಗದಂತೆ ಹರಿದುಹೋಗುತ್ತದೆ. ಆಳುಗಳು ಸಾಲಿನ ಮೇಲೆ ಹತ್ತಿ ತುಳಿದು ಮುರಿದರು, ಎದ್ದು ನಿಂತದ್ದನ್ನು ಕೊಡಲಿಯಿಂದ ಕಚ್ಚು ಹಾಕಿ ಮಲಗಿಸಿದರು. ಬೆಂಕಿಯ ಭಯಕ್ಕೆ ಇಪ್ಪತ್ತು ಮೀಟರಿಗೊಮ್ಮೆ ಸಾಲನ್ನು ಕಡಿದು, ಬೇಲಿಯ ಅಂಚಿನ ಐದು ಮೀಟರ್ ಖಾಲಿ ಬಿಟ್ಟೆವು.

ತರಗೆಲೆ ಸುಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಸಾಗುವಾನಿ ತೋಪಿದೆ. ಮರಗಳು ಎತ್ತರವಾಗಿ, ಹಸಿರಾಗಿವೆ. ಆದರೆ ಸಾಗುವಾನಿಯ ಅಗಲವಾದ ಎಲೆಯ ಮೇಲೆ ಸಣ್ಣ ಹನಿಗಳು ಕೂಡಿ ದೊಡ್ಡ ಹನಿಯಾಗುತ್ತವೆ. ಎಂಟು ಹತ್ತು ಮೀಟರ್ ಎತ್ತರದಿಂದ ಬೀಳುವಷ್ಟರಲ್ಲಿ ಅದು ಬಯಲಿನ ಮಳೆಹನಿಯ ವೇಗವನ್ನು ಹೆಚ್ಚುಕಡಿಮೆ ಪಡೆದಿರುತ್ತದೆ. ಕೆಳಗೆ ಎಲೆಯ ಹಾಸಿಲ್ಲದಿದ್ದರೆ ಮರದ ನೆರಳು ಮಣ್ಣನ್ನು ಕಾಯುವುದಿಲ್ಲ. ಆ ತೋಪಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರೆ, ಒಂದೊಂದು ಹರಳುಕಲ್ಲೂ ಬೆರಳಗಲದ ಮಣ್ಣಿನ ಪುಟ್ಟ ಕಂಬದ ಮೇಲೆ ಕೂತಿರುವುದು ಕಾಣುತ್ತದೆ. ಕಲ್ಲಿನ ಕೆಳಗಿನದು ಉಳಿದಿದೆ, ಸುತ್ತಲಿನದು ಹೋಗಿದೆ.

ಮಣ್ಣು ಎಷ್ಟು ಸವೆಯುತ್ತದೆ ಎಂದು ಅಳೆಯಲು, ಎರಡನೆಯ ಮಳೆಗಾಲಕ್ಕೆ ಮುಂಚೆ 40 ಸೆಂಟಿಮೀಟರ್ ಉದ್ದದ ಹನ್ನೆರಡು ಕಬ್ಬಿಣದ ಸರಳುಗಳನ್ನು ತಲೆ 10 ಸೆಂಟಿಮೀಟರ್ ಹೊರಗಿರುವಂತೆ ನೆಟ್ಟೆ. ಕೂಲಿಯ ಹಣ ಸಾಲದೆ, ದಾರಿಯಿಂದ ಕವಲೊಡೆದ 20 ಮೀಟರಿನ ಒಂದು ತುಂಡು ದುರಸ್ತಿಯಾಗದೆ ಉಳಿದಿತ್ತು. ಹೋಲಿಕೆಗೆ ಅದೇ ಒದಗಿತು. ಅಕ್ಟೋಬರಿನಲ್ಲಿ ಆ ತುಂಡಿನ ಸರಳುಗಳು ಸರಾಸರಿ 17 ಮಿಲಿಮೀಟರ್, ದುರಸ್ತಿಯಾದ ದಾರಿಯವು 6 ಮಿಲಿಮೀಟರ್, ಟೊಂಗೆಯ ಸಾಲುಗಳ ನಡುವಿನವು 2 ಮಿಲಿಮೀಟರ್ ಹೆಚ್ಚು ಹೊರಗೆ ಕಂಡವು. ನಿಂತ ಮರಗಳ ಕೆಳಗಿನವುಗಳಲ್ಲಿ ವ್ಯತ್ಯಾಸವನ್ನು ಅಳೆಯಲಾಗಲಿಲ್ಲ. 2 ಮಿಲಿಮೀಟರನ್ನೂ ಸಣ್ಣದೆನ್ನುವಂತಿಲ್ಲ. ಒಂದು ಎಕರೆಯಲ್ಲಿ 1 ಮಿಲಿಮೀಟರ್ ಮಣ್ಣೆಂದರೆ 4 ಘನ ಮೀಟರ್, ತೂಕದಲ್ಲಿ 5 ಟನ್ನಿನಷ್ಟು.

ಕೆಟ್ಟದ್ದೂ ಇದೆ. ಇಳಿಜಾರು ಕಡಿಮೆ ಮಾಡಿದ ಎರಡನೆಯ ಓರೆ ಬದುವಿನ ಕಾಲುವೆಯಲ್ಲಿ ಆರಿದ್ರಾ ಮಳೆಯಲ್ಲೇ ಹೂಳು ತುಂಬಿ, ನೀರು ಬದುವಿನ ಮೇಲೆ ಹರಿದು ಒಂದು ಗೇಣು ಕಡಿದಿತ್ತು. ವೇಗ ತಗ್ಗಿಸಿದರೆ ಹೂಳು ನಿಲ್ಲುತ್ತದೆ, ಹೆಚ್ಚಿಸಿದರೆ ತಳ ಕೊರೆಯುತ್ತದೆ; ಇವೆರಡರ ನಡುವೆ ಉಳಿಯುವ ಉಪಾಯ ಸಲಿಕೆ ಹಿಡಿದು ಹದಿನೈದು ದಿನಕ್ಕೊಮ್ಮೆ ಹೋಗುವುದೊಂದೇ. ಏಳನೆಯದನ್ನು ಮೋಟಾರ್‌ಸೈಕಲ್‌ಗಳು ಸವೆಸಿದ್ದವು. ಅಲ್ಲಿ ಮಣ್ಣು ತೆಗೆದು, ತೋಳಿನ ದಪ್ಪದ ಎರಡು ಅಕೇಶಿಯಾ ಬೊಡ್ಡೆಗಳನ್ನು ಅರ್ಧ ಹೂತು ಗೂಟ ಬಡಿದ ಮೇಲೆ ನಿಂತಿತು. ಬದುಗಳ ಬಾಯಲ್ಲಿ ಗೇಣಿಗೊಂದರಂತೆ ನೆಟ್ಟ ಲಾವಂಚ ಬಿಸಿಲಿದ್ದ ಕಡೆ ಎದೆಯೆತ್ತರ ಬೆಳೆಯಿತು, ಉಳಿದ ಮರಗಳ ನೆರಳಿನಲ್ಲಿ ಸೊರಗಿತು. ಲಾವಂಚಕ್ಕೆ ನೆರಳು ಆಗದು ಎಂಬುದನ್ನು ಮೊದಲೇ ಗಮನಿಸಬೇಕಿತ್ತು. ಕೊರಕಲಿನ ಹದಿನೈದು ತಡೆಗಳ ಪೈಕಿ ಹದಿಮೂರು ನಿಂತಿವೆ, ಒಂಬತ್ತರ ಹಿಂದೆ ಹೂಳು ನೀರು ದಾಟುವ ಮಟ್ಟ ಮುಟ್ಟಿದೆ. ಆ ಹೂಳಿನಲ್ಲಿ ನಾವು ಹಾಕದ ಹುಲ್ಲು ತಾನಾಗಿಯೇ ಹುಟ್ಟಿದೆ.

ಒಟ್ಟು 41 ಆಳಿನ ದಿನಗಳು ಹಿಡಿದವು. ಸಬ್‌ಸಾಯ್ಲರಿನ ಅರ್ಧ ದಿನದ ಬಾಡಿಗೆ ಬೇರೆ. ಟೊಂಗೆಯ ಸಾಲುಗಳನ್ನು ಗೆದ್ದಲು ತಿನ್ನತೊಡಗಿದೆ, ಇನ್ನೊಂದು ಮಳೆಗಾಲಕ್ಕೆ ಅವು ಇರಲಾರವು. ಆದ್ದರಿಂದ ಸಾಲುಗಳ ಮೇಲ್ಬದಿಗೆ ಮತ್ತಿ, ಹೊನ್ನೆ, ನೇರಳೆ ಸಸಿಗಳನ್ನೂ ನಡುವೆ ಗೊಬ್ಬರಗಿಡದ ಗೂಟಗಳನ್ನೂ ನೆಟ್ಟಿದ್ದೇನೆ. ಕೆಳಗಿನ ಮೂರು ಎಕರೆಯ ಕಟಾವಿನ ಒಪ್ಪಂದದಲ್ಲಿ ಈ ಸಲ ಎಳೆಯುವ ದಾರಿಯ ನಕ್ಷೆ ಸೇರಿದೆ. ಗುಡ್ಡದ ಮೈಗೆ ಓರೆಯಾಗಿ ಹೋಗುವ ಆ ದಾರಿಗೆ ಸುಣ್ಣ ಬಳಿದ ಗೂಟಗಳನ್ನು ಕಳೆದ ವಾರ ಹೊಡೆದದ್ದಾಗಿದೆ, ಹಳ್ಳದ ಅಂಚಿನ ಹತ್ತು ಮೀಟರಿನ ಮರಗಳಿಗೆ ಕಡಿಯಬಾರದೆಂದು ಕೆಂಪು ಬಣ್ಣ ಹಚ್ಚಿದೆ. ಉಳಿದಿರುವ 20 ಮೀಟರಿನ ಕವಲಿಗೆ ಕಾಕಾ ಅವರ ಬೇಲಿಯ ಕಲ್ಲು ತಂದು ರಾಶಿ ಹಾಕಿದ್ದೇವೆ. ರೋಹಿಣಿ ಮಳೆಗೆ ಮುಂಚೆ ಅಲ್ಲಿ ಎರಡು ಓರೆ ಬದು ಮುಗಿಯಬೇಕು.